ಟಗ್ ಬೋಟಿನ ಶಾಫ್ಟ್ ಇಂಚಿನದು, ಪ್ರೊಪೆಲ್ಲರ್ ಮಿಲಿಮೀಟರಿನದು: ಜೋಡಿಸೋದು ಹೇಗೆ?

ಟಗ್ಗಿನವನು (ಮೈಸೂರು)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿರುವ ನಮ್ಮ ದೊಡ್ಡಪ್ಪ ಅರ್ಧ ಕಟ್ಟಿ ಬಿಟ್ಟಿದ್ದ ಟಗ್ ಬೋಟ್ (ದೊಡ್ಡ ಹಡಗು ಎಳೆಯುವ ಬೋಟ್) ಮಾದರಿ ಈಗ ನನ್ನ ಕೈಗೆ ಬಂದಿದೆ. ಫೈಬರ್ ಗ್ಲಾಸ್ ಹಲ್ (ಬೋಟಿನ ಒಡಲು), ಉದ್ದ ಸುಮಾರು 85 ಸೆಂ.ಮೀ. ಹಿಂಭಾಗದಲ್ಲಿ ಹಿತ್ತಾಳೆಯ ಸ್ಟರ್ನ್ ಟ್ಯೂಬ್ (ಶಾಫ್ಟ್ ಹೊರಗೆ ಹೋಗುವ ಕೊಳವೆ) ಆಗಲೇ ಅಂಟಿಸಿದ್ದಾರೆ. ಒಳಗೆ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ಕೂಡ ಇದೆ. ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ, ಪ್ಲೇ (ಸಡಿಲದ ಅಲ್ಲಾಟ) ಇಲ್ಲ.

ಮಿಕ್ಕ ಸಾಮಾನು ನಾನು ತರಿಸಿದ್ದು. 50 ಮಿ.ಮೀ.ನ ನಾಲ್ಕು ರೆಕ್ಕೆಯ ಹಿತ್ತಾಳೆ ಪ್ರೊಪೆಲ್ಲರ್, ಅದರ ಥ್ರೆಡ್ ಎಂ4 (4 ಮಿ.ಮೀ. ಮೆಟ್ರಿಕ್). ನಿಧಾನ ತಿರುಗುವ 540 ಅಳತೆಯ ಮೋಟರ್, ಅದರ ಶಾಫ್ಟ್ 3.17 ಮಿ.ಮೀ. ಮೋಟರನ್ನೂ ಶಾಫ್ಟನ್ನೂ ಜೋಡಿಸಲು ಒಂದು ಯೂನಿವರ್ಸಲ್ ಕಪ್ಲಿಂಗ್, ಅದರ ಒಂದು ಕಡೆ ತೂತು 4 ಮಿ.ಮೀ., ಇನ್ನೊಂದು ಕಡೆ 5 ಮಿ.ಮೀ.

ಈಗ ಯಾವುದೂ ಯಾವುದಕ್ಕೂ ಕೂರುತ್ತಿಲ್ಲ. ಪ್ರೊಪೆಲ್ಲರ್ ಹಳೆ ಶಾಫ್ಟಿನ ಮೇಲೆ ಹತ್ತುತ್ತದೆ, ಆದರೆ ಅಲ್ಲಾಡುತ್ತದೆ. ವರ್ನಿಯರ್ ಹಿಡಿದು ನೋಡಿದೆ. ಶಾಫ್ಟ್ 3.96 ಮಿ.ಮೀ., ಥ್ರೆಡ್ ಇರುವ ತುದಿ 3.58. ಹೊಸ ಶಾಫ್ಟ್ ಹಾಕೋಣ ಅಂತ ಆನ್‌ಲೈನ್ ಅಂಗಡಿಯೊಂದರಿಂದ 4 ಮಿ.ಮೀ.ನದು ತರಿಸಿದೆ. ಅದು ಟ್ಯೂಬಿನ ಬುಷ್ (ಶಾಫ್ಟಿಗೆ ಆಧಾರ ಕೊಡುವ ಬಳೆ) ಒಳಗೆ ಸ್ವಲ್ಪ ಹೋಗಿ ಸಿಕ್ಕಿಕೊಳ್ಳುತ್ತದೆ. ಟ್ಯೂಬನ್ನೇ ಕಿತ್ತು ಹೊಸದು ಹಾಕಬೇಕಾ? ದೊಡ್ಡಪ್ಪ ಅಂಟಿಸಿದ್ದನ್ನು ಕೀಳೋಕೆ ಮನಸ್ಸಿಲ್ಲ.

ವೇಗದೋಣಿ (ಶಿವಮೊಗ್ಗ)

ಪ್ರೊಪೆಲ್ಲರ್ ಅಲ್ಲಾಡಿದರೆ ಥ್ರೆಡ್ಡಿಗೆ ಅರಲ್ಡೈಟ್ ಹಾಕಿ ಕೂರಿಸಿಬಿಡಿ ಗುರು. ಟಗ್ ಅಲ್ವಾ, ಸ್ಪೀಡೇನೂ ಇಲ್ಲ. ನಿಲ್ಲುತ್ತದೆ.

ಲೇತ್ ಮನೆ (ಪೀಣ್ಯ, ಬೆಂಗಳೂರು)

ಬೇಡ, ದಯವಿಟ್ಟು ಅಂಟು ಹಾಕಬೇಡಿ. ಅಲ್ಲಾಡುವ ಪ್ರೊಪೆಲ್ಲರನ್ನು ಅಂಟಿನಲ್ಲಿ ನಿಲ್ಲಿಸಿದರೆ ಅದು ಓರೆಯಾಗಿಯೇ ನಿಲ್ಲುತ್ತದೆ. ರೆಕ್ಕೆಗಳು ಒಂದೇ ಸಮ ಸುತ್ತೋದಿಲ್ಲ. ಆ ನಡುಕ ಎಲ್ಲ ಹಿಂಬದಿಯ ಬುಷ್ ಮೇಲೆ ಬೀಳುತ್ತದೆ. ಸ್ವಲ್ಪ ದಿನದಲ್ಲೇ ಬುಷ್ ಸವೆದು ಹೋಗುತ್ತದೆ. ಈಗ ನಿಮ್ಮ ಹತ್ತಿರ ಇರುವುದರಲ್ಲಿ ಅತಿ ಒಳ್ಳೆಯ ವಸ್ತುವೇ ಆ ಬುಷ್.

ಮೈಸೂರಿನವರೇ, ಟ್ಯೂಬ್ ಮುಟ್ಟಲೇಬೇಡಿ. ನೀವು ಹೇಳಿದ ಸಾಮಾನಿನಲ್ಲಿ ಹಲ್‌ಗೆ ಅಂಟಿಕೊಂಡಿರುವುದು ಅದೊಂದೇ. ಫೈಬರ್ ಗ್ಲಾಸಿನಿಂದ ಟ್ಯೂಬ್ ಕೀಳೋಕೆ ಬಿಸಿ ಮಾಡಬೇಕು, ಇಲ್ಲವೇ ಕೊರೆಯಬೇಕು. ಹೊಸದನ್ನು ಅದೇ ಕೋನದಲ್ಲಿ, ಅದೇ ಮಧ್ಯದಲ್ಲಿ ಕೂರಿಸೋದು ಎರಡು ದಿನದ ಕೆಲಸ. ಅದೂ ಸರಿಯಾಗಿ ಬರುತ್ತದೆ ಅಂತ ಹೇಳೋಕಾಗಲ್ಲ. ನಿಮ್ಮ ಟ್ಯೂಬೂ ಬುಷ್ಷೂ ಚೆನ್ನಾಗಿವೆ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಅದೇ ನಮ್ಮ ಅಳತೆಗೋಲು. ಬದಲಾಗಬೇಕಾದದ್ದು ಎರಡು ತುದಿಯಲ್ಲಿ ಇರುವ ಅಗ್ಗದ ಸಾಮಾನು.

ನಿಮ್ಮ ಶಾಫ್ಟ್ 5/32 ಇಂಚು, ಅಂದರೆ 3.97 ಮಿ.ಮೀ. ತುದಿಯ ಥ್ರೆಡ್ 4 ಬಿಎ (ಹಳೆ ಬ್ರಿಟಿಷ್ ಥ್ರೆಡ್ ಅಳತೆ), ಅದರ ಹೊರ ಅಳತೆ 3.6. ಎಂ4 ಪ್ರೊಪೆಲ್ಲರಿನ ಒಳ ಅಳತೆ ಸುಮಾರು 3.3. ಹಾಗಾಗಿ ಹಲ್ಲಿನ ತುದಿ ಮಾತ್ರ ಒಂಚೂರು ಕಚ್ಚುತ್ತದೆ. ಹತ್ತಿದ ಹಾಗೆ ಅನ್ನಿಸುತ್ತದೆ, ಹಿಡಿತ ಇರೋದಿಲ್ಲ.

ಒಂದು ವಿಷಯ ನೋಡಿ ಹೇಳಿ. ಶಾಫ್ಟಿಗೆ ಅಯಸ್ಕಾಂತ ಹಿಡಿಯುತ್ತದಾ? ಒಳಗಡೆಯ ತುದಿ ಟ್ಯೂಬಿನಿಂದ ಎಷ್ಟು ಹೊರಗಿದೆ?

ಟಗ್ಗಿನವನು (ಮೈಸೂರು)

ಅಯಸ್ಕಾಂತ ಗಟ್ಟಿಯಾಗಿ ಹಿಡಿಯುತ್ತದೆ ಸರ್. ಒಳಗಡೆ 45 ಮಿ.ಮೀ. ಹೊರಗಿದೆ. ಆ ತುದಿ ಪೂರ್ತಿ ನುಣುಪು. ಥ್ರೆಡ್ಡೂ ಇಲ್ಲ, ಫ್ಲ್ಯಾಟೂ (ಸ್ಕ್ರೂ ಕೂರಲು ಉಜ್ಜಿದ ಚಪ್ಪಟೆ ಜಾಗ) ಇಲ್ಲ.

ಲೆಸ್ಟರ್ ಕನ್ನಡಿಗ (ಇಂಗ್ಲೆಂಡ್)

ಇದು ಇಲ್ಲಿಯ ಹಳೆ ಮಾದರಿ ಬೋಟುಗಳಲ್ಲಿ ಪ್ರತಿ ಸಲ ಎದುರಾಗುವ ಕಥೆ. ಇಲ್ಲಿ ಶಾಫ್ಟ್ ಅಂದರೆ 5/32 ಇಂಚಿಗೆ 4 ಬಿಎ, 3/16 ಇಂಚಿಗೆ 2 ಬಿಎ. ಯುರೋಪಿನಿಂದ ಬರುವ ಸಾಮಾನೆಲ್ಲ 4 ಮಿ.ಮೀ. ಶಾಫ್ಟ್, ಎಂ4 ಥ್ರೆಡ್. ಅಮೆರಿಕದ್ದು ಮತ್ತೆ ಬೇರೆ. ಮೂರೂ ಒಂದೇ ಡಬ್ಬಿಯಲ್ಲಿ ಸೇರಿಬಿಟ್ಟರೆ ಕಣ್ಣಲ್ಲಿ ನೋಡಿ ಹೇಳೋದು ಕಷ್ಟ.

ಬಿಎ ಅಂದರೆ ಬ್ರಿಟಿಷ್ ಅಸೋಸಿಯೇಷನ್. 1884ರಲ್ಲಿ ಸಣ್ಣ ತಿರುಪುಗಳಿಗೆ ಅಂತ ತಂದ ಅಳತೆ. ಇಂಗ್ಲೆಂಡಿನದಾದರೂ ಬುಡ ಮಿಲಿಮೀಟರಿನಲ್ಲೇ ಇದೆ. ಸ್ವಿಟ್ಜರ್ಲೆಂಡಿನ ಗಡಿಯಾರದವರು ಬಳಸುತ್ತಿದ್ದ ಥ್ಯೂರಿ ಥ್ರೆಡ್ ನೋಡಿ ಮಾಡಿದ್ದು. 0 ಬಿಎ ಅಂದರೆ 6 ಮಿ.ಮೀ. ದಪ್ಪ, 1 ಮಿ.ಮೀ. ಪಿಚ್ (ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ದೂರ). ನಂಬರ್ ಒಂದೊಂದು ಹೆಚ್ಚಿದಂತೆ ಪಿಚ್ ಹತ್ತನೇ ಒಂದು ಪಾಲು ಇಳಿಯುತ್ತದೆ. 4 ಬಿಎಗೆ ಬರುವಾಗ 0.66. ಎಂ4ರ ಪಿಚ್ 0.7. ಅದಕ್ಕೇ ಒಂದೆರಡು ಸುತ್ತು ಹೋಗಿ ಮೋಸ ಮಾಡುತ್ತದೆ. ಹಲ್ಲಿನ ಕೋನ ಕೂಡ ಬೇರೆ. ಬಿಎ 47.5 ಡಿಗ್ರಿ, ಮೆಟ್ರಿಕ್ 60.

4 ಬಿಎ ಥ್ರೆಡ್ ಇರುವ ಪ್ರೊಪೆಲ್ಲರ್ ಇಲ್ಲಿ ಈಗಲೂ ಸಿಗುತ್ತದೆ. ಬೇಕಿದ್ದರೆ ಹೇಳಿ. ಊರಿಗೆ ಬರುವವರ ಕೈಯಲ್ಲಿ ಕಳಿಸಬಹುದು.

ಲೇತ್ ಮನೆ (ಪೀಣ್ಯ, ಬೆಂಗಳೂರು)

ಲೆಸ್ಟರ್ ಸರ್ ಹೇಳಿದ್ದು ಒಂದು ದಾರಿ. ಆದರೆ ಕೈಯಲ್ಲಿರುವ ಪ್ರೊಪೆಲ್ಲರನ್ನೇ ಹಾಕಬಹುದು.

3.97 ಮಿ.ಮೀ.ನ ಕಂಬಿಗೆ ಎಂ4 ಡೈ (ಹೊರ ಥ್ರೆಡ್ ಕೊರೆಯುವ ಉಪಕರಣ) ಸಲೀಸಾಗಿ ಹೊಡೆಯುತ್ತದೆ. ಎಂ4 ಬೋಲ್ಟಿನ ಹೊರ ಅಳತೆ ಪುಸ್ತಕದ ಪ್ರಕಾರ 3.84ರಿಂದ 3.98 ತನಕ ಇರಬಹುದು. ನಿಮ್ಮದು ಅದರೊಳಗೇ ಬರುತ್ತದೆ. ಅಂದರೆ ಇಂಚಿನ ಶಾಫ್ಟ್ ಇಂಚಿನ ಬುಷ್ಷಿನಲ್ಲೇ ತಿರುಗಲಿ, ತುದಿಯಲ್ಲಿ ಮಾತ್ರ ಮಿಲಿಮೀಟರ್ ಥ್ರೆಡ್ ಇರಲಿ.

ಎಲ್ಲಿ ಹೊಡೆಯಬೇಕು ಅನ್ನೋದೇ ಮುಖ್ಯ. ಹಳೆ 4 ಬಿಎ ತುದಿ ಕತ್ತರಿಸಿ ಅಲ್ಲೇ ಹೊಸದು ಹೊಡೆಯಬಹುದು. ನನಗೆ ಅದಕ್ಕಿಂತ ಇಷ್ಟವಾದ ದಾರಿ ಶಾಫ್ಟನ್ನು ಹಿಂದುಮುಂದು ಮಾಡೋದು. ಒಳಗಡೆಯ ನುಣುಪು ತುದಿಗೆ ಎಂ4 ಹೊಡೆಸಿ, ಅದನ್ನು ಪ್ರೊಪೆಲ್ಲರ್ ಕಡೆಗೆ ಹಾಕಿ. ಹಳೆ ಥ್ರೆಡ್ ಮೋಟರ್ ಕಡೆಗೆ ಹೋಗಲಿ. ಎಲ್ಲ ಸರಿ ಅಂತ ಗೊತ್ತಾದ ಮೇಲೆ ಆ ತುದಿ ಕತ್ತರಿಸಿ ಬಿಸಾಕಿ. ಹೀಗೆ ಮಾಡಿದರೆ ಹೊಸ ಥ್ರೆಡ್ ಸರಿ ಬರದಿದ್ದರೂ ಹಳೆಯದು ಉಳಿದಿರುತ್ತದೆ. ಬುಷ್ ಉಜ್ಜಿದ ಜಾಗವೂ ಬದಲಾಗುತ್ತದೆ.

ಅಯಸ್ಕಾಂತ ಹಿಡಿಯುತ್ತದೆ ಅಂದರೆ ಸ್ಟೇನ್‌ಲೆಸ್ 304 ಅಲ್ಲ, ಸಿಲ್ವರ್ ಸ್ಟೀಲ್ (ಹೆಸರಷ್ಟೇ ಬೆಳ್ಳಿ, ಅದು ಕಾರ್ಬನ್ ಉಕ್ಕು) ಇರಬೇಕು. ಫೈಲ್ ಕಚ್ಚಿದರೆ ಡೈ ಕೂಡ ಕಚ್ಚುತ್ತದೆ. ಫೈಲ್ ಜಾರಿದರೆ ಹದ ಹಾಕಿದ ಉಕ್ಕು, ಆಗ ಡೈ ಹಾಳು. ಮೊದಲು ತುದಿಯಲ್ಲಿ ಒಂದು ಸಲ ಫೈಲ್ ಎಳೆದು ನೋಡಿ. ಒಂದೇ ಮಾತು: ಸಿಲ್ವರ್ ಸ್ಟೀಲ್ ತುಕ್ಕು ಹಿಡಿಯುತ್ತದೆ. ನೀರಿನಿಂದ ತೆಗೆದ ಮೇಲೆ ಎಣ್ಣೆ ಮರೆಯಬಾರದು.

ಪಾಲಿಟೆಕ್ನಿಕ್ ಮೇಡಂ (ಹಾಸನ)

ಒಂದು ಮಾತು ಸೇರಿಸುತ್ತೇನೆ. ಡೈ ಅನ್ನು ಕೈಯಲ್ಲಿ ಹಿಡಿದು, ವೈಸಿನಲ್ಲಿ ಶಾಫ್ಟ್ ನಿಲ್ಲಿಸಿ ತಿರುಗಿಸಬೇಡಿ. ನಮ್ಮ ಹುಡುಗರು ಹಾಗೆ ಮಾಡಿದಾಗ ಪ್ರತಿ ಸಲ ಥ್ರೆಡ್ ಓರೆ. ಬೋಲ್ಟಿಗಾದರೆ ನಡೆಯುತ್ತದೆ, ಪ್ರೊಪೆಲ್ಲರಿಗೆ ನಡೆಯೋದಿಲ್ಲ. 50 ಮಿ.ಮೀ. ಪ್ರೊಪೆಲ್ಲರಿನಲ್ಲಿ ಥ್ರೆಡ್ ಒಂದು ಡಿಗ್ರಿ ಓರೆ ಇದ್ದರೂ ರೆಕ್ಕೆಯ ತುದಿ ಸುತ್ತು ಸುತ್ತಿಗೆ ಸುಮಾರು 0.9 ಮಿ.ಮೀ. ಹಿಂದೆ ಮುಂದೆ ಆಡುತ್ತದೆ. ಕಣ್ಣಿಗೇ ಕಾಣುತ್ತದೆ.

ಲೇತಿನಲ್ಲಿ ಶಾಫ್ಟನ್ನು ಚಕ್ಕಿಗೆ (ತಿರುಗುವ ಹಿಡಿಕೆಗೆ) ಹಿಡಿದು, ಎದುರಿನ ಟೇಲ್‌ಸ್ಟಾಕಿನಲ್ಲಿ ಡೈ ಹೋಲ್ಡರ್ ಹಾಕಿ, ಚಕ್ ಅನ್ನು ಕೈಯಲ್ಲೇ ತಿರುಗಿಸಬೇಕು. ತುದಿಗೆ ಮೊದಲು ಸಣ್ಣ ಚಾಂಫರ್ (ಅಂಚಿಗೆ ಇಳಿಜಾರು). ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಕಟಿಂಗ್ ಆಯಿಲ್ ಇರಲಿ. ಸೀಳಿರುವ ಡೈ ಆದರೆ ಮೊದಲ ಸಲ ಸ್ವಲ್ಪ ತೆರೆದು ಹೊಡೆದು, ಎರಡನೇ ಸಲ ಬಿಗಿ ಮಾಡಿ, ಪ್ರೊಪೆಲ್ಲರ್ ಹಾಕಿ ನೋಡುತ್ತಾ ಹೋಗಿ. ಬೆರಳಿನಲ್ಲಿ ತಿರುಗಬೇಕು, ಅಲ್ಲಾಡಬಾರದು.

ಇನ್ನು ನಿಮ್ಮ ಹೊಸ 4 ಮಿ.ಮೀ. ಶಾಫ್ಟ್ ಯಾಕೆ ಸಿಕ್ಕಿಕೊಂಡಿತು ಅನ್ನೋದು. 4.00ಕ್ಕೂ 3.97ಕ್ಕೂ ವ್ಯತ್ಯಾಸ 0.03 ಮಿ.ಮೀ. ಬುಷ್ಷಿನಲ್ಲಿ ತಿರುಗಲು ಬಿಟ್ಟಿರುವ ಸಡಿಲವೇ ಅಷ್ಟು. ದೊಡ್ಡ ಶಾಫ್ಟ್ ಅದನ್ನೆಲ್ಲ ತಿಂದುಬಿಟ್ಟಿತು. ಅದನ್ನೇ ಹಾಕುವುದಾದರೆ ಬುಷ್ಷಿಗೆ 4 ಮಿ.ಮೀ. ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಹಾಕಬೇಕು. ಡ್ರಿಲ್ ಬಿಟ್ ಬೇಡ, ಡ್ರಿಲ್ ಯಾವತ್ತೂ ದೊಡ್ಡದೇ ಕೊರೆಯುತ್ತದೆ. ಎರಡು ಬುಷ್ಷಿಗೂ ರೀಮರ್ ಒಂದೇ ನೇರದಲ್ಲಿ ಹೋಗಬೇಕು, ಬೋಟಿನ ಒಳಗೆ ಅದಕ್ಕೆ ಜಾಗ ಇರೋದಿಲ್ಲ. ಲೇತ್ ಮನೆಯವರ ದಾರಿಯೇ ಸರಿ.

ಟಗ್ಗಿನವನು (ಮೈಸೂರು)

ಫೈಲ್ ಕಚ್ಚಿತು ಮೇಡಂ. ಶಾಫ್ಟ್ ತಿರುಗಿಸಿ ಹಾಕೋದು ನನಗೆ ಹೊಳೆದೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಇಲ್ಲಿ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದ ಟರ್ನರ್ ಒಬ್ಬರಿದ್ದಾರೆ, ಕೇಳುತ್ತೇನೆ. ಮೋಟರ್ ಕಡೆ ಏನು ಮಾಡಲಿ? ಕಪ್ಲಿಂಗಿನ 5 ಮಿ.ಮೀ. ತೂತಿಗೆ 3.17ರ ಮೋಟರ್ ಶಾಫ್ಟ್ ಹೇಗೆ ಕೂರಿಸೋದು?

ಗಂಡು ಮೆಟ್ಟು (ಹುಬ್ಬಳ್ಳಿ)

ಕಪ್ಲಿಂಗ್ ತಲೆನೋವೇ ಬೇಡ ರೀ. ದಪ್ಪ ಸಿಲಿಕಾನ್ ಪೈಪ್ ತುಂಡು ತಗೊಂಡು ಎರಡೂ ಶಾಫ್ಟಿಗೆ ಏರಿಸಿ, ಕೇಬಲ್ ಟೈ ಬಿಗೀರಿ. ಅಳತೆ ಬೇರೆ ಇದ್ದರೂ ನಡೀತದ, ಲೈನ್ ಸ್ವಲ್ಪ ತಪ್ಪಿದ್ದರೂ ನಡೀತದ, ಸದ್ದೂ ಇಲ್ಲ. ನನ್ನ ಸಣ್ಣ ಮೀನುಗಾರಿಕೆ ಬೋಟಿನಲ್ಲಿ ಅದೇ ಇದೆ, ಚಲೋ ಓಡ್ತದ.

ಲೇತ್ ಮನೆ (ಪೀಣ್ಯ, ಬೆಂಗಳೂರು)

ಹುಬ್ಬಳ್ಳಿ ಅಣ್ಣ, ನಿಮ್ಮ ಮೋಟರ್ ಎಷ್ಟು ದೊಡ್ಡದು? 380 ಅಳತೆಯದಾದರೆ ನೀವು ಹೇಳಿದ್ದು ಸರಿ. ಅದರ ಶಾಫ್ಟ್ 2.3 ಮಿ.ಮೀ., ತಿರುಚುವ ಬಲವೂ ಕಡಿಮೆ. ಇದು 540 ಮೋಟರ್, 50 ಮಿ.ಮೀ. ನಾಲ್ಕು ರೆಕ್ಕೆ. ಟಗ್ಗಿನಲ್ಲಿ ಮುಂದೆ ಹೋಗುತ್ತಿರುವಾಗಲೇ ರಿವರ್ಸ್ ಕೊಡುತ್ತಾರೆ. ಆ ಒಂದು ಗಳಿಗೆಯಲ್ಲಿ ಪೈಪ್ ತಿರುಚಿಕೊಂಡು ಒಳಗೇ ಮಡಚಿಕೊಳ್ಳುತ್ತದೆ, ಇಲ್ಲವೇ ಜಾರುತ್ತದೆ.

ಗಂಡು ಮೆಟ್ಟು (ಹುಬ್ಬಳ್ಳಿ)

ಹೌದ್ರೀ, ನನ್ನದು 380ನೇ. ರಿವರ್ಸ್ ಹೆಚ್ಚು ಕೊಡೋದಿಲ್ಲ. 540ಕ್ಕೆ ನಾ ಹಾಕಿ ನೋಡಿಲ್ಲ.

ಲೇತ್ ಮನೆ (ಪೀಣ್ಯ, ಬೆಂಗಳೂರು)

ಸರಿ. ಈಗ ಮೈಸೂರಿನ ಪ್ರಶ್ನೆ. 4 ಮಿ.ಮೀ. ತೂತಿಗೆ ನಿಮ್ಮ 3.97ರ ಶಾಫ್ಟ್ ಹಾಗೇ ಹೋಗುತ್ತದೆ, ಅಲ್ಲಿ ಕೆಲಸ ಇಲ್ಲ. 5 ಮಿ.ಮೀ. ಕಡೆಗೆ ಒಂದು ಹಿತ್ತಾಳೆ ಸ್ಲೀವ್ (ನಡುವೆ ತೂರಿಸುವ ಕೊಳವೆ ತುಂಡು) ಬೇಕು. ಹೊರಗೆ 5, ಒಳಗೆ 3.17. ಗೋಡೆ 0.9 ಮಿ.ಮೀ. ಬರುತ್ತದೆ, ಸಾಕಷ್ಟು ಗಟ್ಟಿ.

ಟರ್ನರಿಗೆ ಒಂದು ಮಾತು ಖಡಾಖಂಡಿತ ಹೇಳಿ: ಹೊರಗಿನ ಅಳತೆಯೂ ಒಳಗಿನ ತೂತೂ ಒಂದೇ ಸೆಟ್ಟಿಂಗಿನಲ್ಲಿ ಆಗಬೇಕು. ಚಕ್ಕಿನಿಂದ ಬಿಚ್ಚಿ ತಿರುಗಿಸಿ ಹಿಡಿದರೆ ಕೇಂದ್ರ ತಪ್ಪುತ್ತದೆ. ಮೊದಲು 3 ಮಿ.ಮೀ. ಡ್ರಿಲ್, ಆಮೇಲೆ 1/8 ಇಂಚಿನ ರೀಮರ್. 1/8 ಇಂಚು ಅಂದರೆ 3.175. ಮೋಟರಿನವರು 3.17 ಅಂತ ಬರೆಯೋದು ಇದನ್ನೇ.

ಆಮೇಲೆ ಸ್ಲೀವಿಗೆ ಗ್ರಬ್ ಸ್ಕ್ರೂ (ಕಪ್ಲಿಂಗಿನ ತಲೆಯಿಲ್ಲದ ಸಣ್ಣ ಸ್ಕ್ರೂ) ಬರುವ ಜಾಗದಲ್ಲಿ ತೂತು ಮಾಡಿ. ಸ್ಕ್ರೂ ಸ್ಲೀವನ್ನು ಒತ್ತಬಾರದು, ಅದನ್ನು ದಾಟಿ ಮೋಟರ್ ಶಾಫ್ಟನ್ನೇ ಹಿಡಿಯಬೇಕು. ಇಲ್ಲದಿದ್ದರೆ ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಶಾಫ್ಟ್ ಸ್ಲೀವಿನೊಳಗೆ ಸುಮ್ನೆ ತಿರುಗುತ್ತಿರುತ್ತದೆ.

ಮೋಟರ್ ಶಾಫ್ಟಿಗೆ ಫ್ಲ್ಯಾಟ್ ಬೇಕೇ ಬೇಕು. ಮಾಡುವಾಗ ಹುಷಾರು. ಮೋಟರಿನೊಳಗೆ ಅಯಸ್ಕಾಂತ ಇದೆ, ಒಂದು ಕಣ ಕಬ್ಬಿಣದ ಪುಡಿಯನ್ನೂ ಬಿಡೋದಿಲ್ಲ. ಇಡೀ ಮೋಟರಿಗೆ ಟೇಪ್ ಸುತ್ತಿ ಶಾಫ್ಟ್ ಮಾತ್ರ ಹೊರಗಿರಲಿ. ಶಾಫ್ಟಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಶಾಫ್ಟ್ ಕೆಳಮುಖವಾಗಿ ಹಿಡಿದು ಫೈಲ್ ಮಾಡಿ. ಆಳ ಅರ್ಧ ಮಿ.ಮೀ. ಸಾಕು. ಟೇಪ್ ಬಿಚ್ಚುವ ಮೊದಲು ಎಲ್ಲ ಒರೆಸಿ.

ಗ್ರಬ್ ಸ್ಕ್ರೂಗೆ ಲಾಕ್‌ಟೈಟ್ 243 (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಸ್ಲೀವನ್ನು ಕಪ್ಲಿಂಗಿನೊಳಗೆ ಶಾಶ್ವತವಾಗಿ ಕೂರಿಸೋಕೆ ಅದೇ ಕಂಪನಿಯ ಇನ್ನೂ ಗಟ್ಟಿ ಅಂಟು 638. 638 ಬಿಡಿಸಬೇಕಾದರೆ ಬಿಸಿ ಮಾಡಬೇಕಾಗುತ್ತದೆ. ಅದಕ್ಕೇ ಅದನ್ನು ಮೋಟರ್ ಶಾಫ್ಟಿಗೆ ತಾಗಿಸಬೇಡಿ.

ಲೆಸ್ಟರ್ ಕನ್ನಡಿಗ (ಇಂಗ್ಲೆಂಡ್)

ನಿಮ್ಮ ಕಪ್ಲಿಂಗ್ ಹುಕೋ ಮಾದರಿಯದಾದರೆ, ನಡುವೆ ಪ್ಲಾಸ್ಟಿಕ್, ಎರಡು ಕಡೆ ಹಿತ್ತಾಳೆ ಇನ್ಸರ್ಟ್, ಅದರ ಇನ್ಸರ್ಟ್ ಬೇರೆ ಬೇರೆ ಅಳತೆಯಲ್ಲಿ ಬಿಡಿಯಾಗಿ ಸಿಗುತ್ತವೆ. ಇಂಚಿನದೂ ಇದೆ, ಮಿಲಿಮೀಟರಿನದೂ ಇದೆ. 3.2 ಮಿ.ಮೀ. ಅಂತ ಕೇಳಿ. ಆಗ ಸ್ಲೀವಿನ ಕೆಲಸವೇ ಇಲ್ಲ.

ಬಂದರಿನ ಇಂಜಿನ್ (ಮಲ್ಪೆ)

ನಾನು ಮಾದರಿ ಬೋಟ್ ಕಟ್ಟುವವನಲ್ಲ ಮಾರಾಯ್ರೇ. ಮಗನಿಗೋಸ್ಕರ ಇಲ್ಲಿ ಓದುತ್ತೇನೆ. ಆದರೆ ದಿನಾ ಟ್ರಾಲರ್ ಬೋಟಿನ ಶಾಫ್ಟ್ ಕೆಲಸ ಮಾಡುತ್ತೇನೆ. ನೀವೆಲ್ಲ ಅಳತೆ ಬಗ್ಗೆಯೇ ಮಾತಾಡುತ್ತಿದ್ದೀರಿ. ಲೈನ್ ಬಗ್ಗೆ ಯಾರೂ ಹೇಳಲಿಲ್ಲ.

ಅಳತೆ ತಪ್ಪಿದರೆ ಗೊತ್ತಾಗುತ್ತದೆ, ಸಾಮಾನು ಕೂರೋದೇ ಇಲ್ಲ. ಲೈನ್ ತಪ್ಪಿದರೆ ಗೊತ್ತಾಗುವುದಿಲ್ಲ. ಕಪ್ಲಿಂಗ್ ಅದನ್ನು ನುಂಗಿಕೊಂಡು ತಿರುಗುತ್ತದೆ. ಆಮೇಲೆ ಬುಷ್ ಹೋಗುತ್ತದೆ, ಬೇರಿಂಗ್ ಹೋಗುತ್ತದೆ, ಕಪ್ಲಿಂಗ್ ತುಂಡಾಗುತ್ತದೆ. ಎಲ್ಲರೂ ಸಾಮಾನು ಸರಿ ಇಲ್ಲ ಅಂತಾರೆ. ಸಾಮಾನಿನದು ತಪ್ಪಲ್ಲ.

ನಮ್ಮಲ್ಲಿ ಇಂಜಿನ್ ಕಡೆಯ ಫ್ಲೇಂಜ್, ಶಾಫ್ಟ್ ಕಡೆಯ ಫ್ಲೇಂಜ್ ಹತ್ತಿರ ತಂದು, ಮೇಲೆ ಕೆಳಗೆ ಎಡ ಬಲ ನಾಲ್ಕು ಕಡೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡುತ್ತೇವೆ. ನಾಲ್ಕೂ ಕಡೆ ಒಂದೇ ಸಂದು ಬರುವ ತನಕ ಇಂಜಿನ್ ಕಾಲಿನ ಕೆಳಗೆ ಶಿಮ್ (ಎತ್ತರ ಸರಿಮಾಡುವ ತೆಳು ತಗಡು) ಹಾಕುವುದು. ಅದನ್ನೂ ಬೋಟ್ ನೀರಿನಲ್ಲಿರುವಾಗ ನೋಡಬೇಕು. ದಡದಲ್ಲಿ ಇರುವಾಗ ಮರದ ಹಲ್ ಬೇರೆ ಆಕಾರ, ನೀರಿಗಿಳಿದ ಮೇಲೆ ಬೇರೆ. ನಿಮ್ಮ ಸಣ್ಣದಕ್ಕೆ ಅಷ್ಟು ಬೇಡ. ಆದರೆ ಮೋಟರನ್ನು ಟ್ಯೂಬಿನ ಲೈನಿಗೆ ತರಬೇಕು. ಟ್ಯೂಬನ್ನು ಮೋಟರಿಗೆ ಬಗ್ಗಿಸುವುದು ಅಲ್ಲ.

ಪಾಲಿಟೆಕ್ನಿಕ್ ಮೇಡಂ (ಹಾಸನ)

ಮಲ್ಪೆಯವರು ಬಂದು ಹೇಳಿದ್ದು ತುಂಬಾ ಒಳ್ಳೆಯದಾಯಿತು. ಮಾದರಿ ಬೋಟಿಗೆ ಇದನ್ನು ಹೀಗೆ ಮಾಡಬಹುದು.

8 ಮಿ.ಮೀ. ಹಿತ್ತಾಳೆ ಕಂಬಿ ತಗೊಂಡು, ನಿಮ್ಮ ಕಪ್ಲಿಂಗ್ ಎಷ್ಟು ಉದ್ದ ಇದೆಯೋ ಅಷ್ಟೇ ಉದ್ದ ಕತ್ತರಿಸಿ. ಒಂದೇ ಸೆಟ್ಟಿಂಗಿನಲ್ಲಿ ಪೂರ್ತಿ 3.17 ಕೊರೆದು, ಒಂದು ಕಡೆ ಅರ್ಧದ ತನಕ 4 ಮಿ.ಮೀ. ಮಾಡಿ. ಇದು ಗಟ್ಟಿ ಕಪ್ಲಿಂಗ್, ಲೈನ್ ಹಿಡಿಯೋಕೆ ಮಾತ್ರ. ಇದನ್ನು ಪ್ರೊಪೆಲ್ಲರ್ ಶಾಫ್ಟಿಗೂ ಮೋಟರ್ ಶಾಫ್ಟಿಗೂ ಏರಿಸಿದರೆ ಮೋಟರ್ ತಾನಾಗಿ ನೇರ ನಿಲ್ಲುತ್ತದೆ. ಮೋಟರ್ ಮೌಂಟಿನ ಕೆಳಗೆ ಎಷ್ಟು ಸಂದು ಉಳಿಯುತ್ತದೋ ಅಷ್ಟನ್ನು ಮರದ ಚೂರು, ಎಪಾಕ್ಸಿಯಿಂದ ತುಂಬಿ. ಮೌಂಟನ್ನು ಕೆಳಗೆ ಒತ್ತಬೇಡಿ. ಅದು ನಿಂತ ಕಡೆಯೇ ಗಟ್ಟಿಯಾಗಲಿ. ಒಣಗಿದ ಮೇಲೆ ಮೋಟರಿನ ಎರಡು ಸ್ಕ್ರೂ ಬಿಚ್ಚಿ, ಹಿತ್ತಾಳೆ ತುಂಡು ತೆಗೆದು, ನಿಜವಾದ ಕಪ್ಲಿಂಗ್ ಹಾಕಿ.

ಯೂನಿವರ್ಸಲ್ ಜಾಯಿಂಟ್ ಇದೆ, ಕೋನ ಇದ್ದರೂ ಪರವಾಗಿಲ್ಲ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಒಂದೇ ಜಾಯಿಂಟ್ ಇದ್ದು ಕೋನ ಇದ್ದರೆ, ಮೋಟರ್ ಒಂದೇ ವೇಗದಲ್ಲಿ ತಿರುಗಿದರೂ ಆ ಕಡೆಯ ಶಾಫ್ಟ್ ಪ್ರತಿ ಸುತ್ತಿನಲ್ಲೂ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಬೋಟ್ ಗುಂಯ್‌ಗುಡುವ ಸದ್ದು ಮಾಡೋದು ಅದಕ್ಕೇ. ಅಕ್ಕಪಕ್ಕ ಸರಿದಿದ್ದರಂತೂ ಒಂದು ಜಾಯಿಂಟ್ ಏನೂ ಮಾಡಲಾರದು, ಎರಡು ಬೇಕು.

ವಾಟ್ ಮೀಟರ್ ಇದ್ದರೆ ಇನ್ನೂ ಸುಲಭ. ಮೋಟರ್ ಒಂದನ್ನೇ ಓಡಿಸಿ ಎಷ್ಟು ಆಂಪ್ ಅಂತ ಬರೆದುಕೊಳ್ಳಿ. ಪ್ರೊಪೆಲ್ಲರ್ ಇಲ್ಲದೆ ಶಾಫ್ಟ್ ಜೋಡಿಸಿ ಮತ್ತೆ ಓಡಿಸಿ. ಸ್ವಲ್ಪ ಏರೋದು ಸಹಜ. ತುಂಬಾ ಏರಿದರೆ ಎಲ್ಲೋ ಹಿಡಿಯುತ್ತಿದೆ. ಮೌಂಟಿನ ಸ್ಕ್ರೂ ಒಂದೊಂದೇ ಸಡಿಲಿಸಿ ನೋಡಿ. ಯಾವುದನ್ನು ಬಿಟ್ಟಾಗ ಆಂಪ್ ಇಳಿಯುತ್ತದೋ ಅಲ್ಲಿ ಶಿಮ್ ಬೇಕು.

ವೇಗದೋಣಿ (ಶಿವಮೊಗ್ಗ)

ಇಷ್ಟೆಲ್ಲ ಓದಿದ ಮೇಲೆ ನನ್ನದೂ ಕೇಳಿಬಿಡುತ್ತೇನೆ. ನನ್ನದು ಫಾಸ್ಟ್ ಬೋಟ್. ಬ್ರಷ್‌ಲೆಸ್ ಮೋಟರ್, 2000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು), ಮೂರು ಸೆಲ್ ಲೈಪೋ ಬ್ಯಾಟರಿ. ಮೋಟರ್ ಶಾಫ್ಟ್ 5 ಮಿ.ಮೀ. ಹಿಂದಿನ ಸ್ಟ್ರಟ್ (ಪ್ರೊಪೆಲ್ಲರ್ ಹತ್ತಿರ ಶಾಫ್ಟ್ ಹಿಡಿಯುವ ಆಧಾರ) 3/16 ಇಂಚಿಗೆ ಮಾಡಿದ್ದು, ಪ್ರೊಪೆಲ್ಲರ್ ತೂತು ಕೂಡ 3/16. ನನಗೆ ಬಂದ ಫ್ಲೆಕ್ಸ್ ಕೇಬಲ್ (ಶಾಫ್ಟಿನ ಬದಲು ತಿರುಗುವ ಹೆಣೆದ ತಂತಿ) ಮಾತ್ರ 4 ಮಿ.ಮೀ. ಕೇಬಲನ್ನು ಮೋಟರಿಗೆ ಹಿಡಿಯುವ ಕಾಲೆಟ್ 4.76 ಮಿ.ಮೀ.ನದು (3/16 ಇಂಚು). ಕೇಬಲಿಗೆ ಹಿತ್ತಾಳೆ ಟ್ಯೂಬಿನ ಸ್ಲೀವ್ ಹಾಕಿ ಬೆಸುಗೆ ಹಾಕಿದರೆ ಆಗುತ್ತಾ?

ಲೇತ್ ಮನೆ (ಪೀಣ್ಯ, ಬೆಂಗಳೂರು)

ಇದಕ್ಕೆ ನನ್ನ ಉತ್ತರ ಬೇಡ ಅಂತಲೇ ತಮ್ಮ. ಟಗ್ಗಿಗೆ ಸ್ಲೀವ್ ಹಾಕಿ ಅಂದವನೇ ನಾನು. ಆದರೆ ಇಲ್ಲಿ ಲೆಕ್ಕ ಬೇರೆ. 2000ವನ್ನು 11.1 ವೋಲ್ಟಿಗೆ ಗುಣಿಸಿ: ಲೋಡ್ ಇಲ್ಲದಾಗ ನಿಮಿಷಕ್ಕೆ 22,200 ಸುತ್ತು. ಸ್ಲೀವಿನ ಗೋಡೆ ಬರೀ 0.38 ಮಿ.ಮೀ. ಬರುತ್ತದೆ. ಒಳಗೆ ಹೆಣೆದ ತಂತಿ, ಮೇಲೆ ತೆಳು ಹಿತ್ತಾಳೆ, ಅದನ್ನು ಕಾಲೆಟ್ ಹಿಂಡುತ್ತದೆ. ಹಿತ್ತಾಳೆ ಹಿಸುಕಿಹೋದ ಕ್ಷಣ ಕೇಬಲ್ ಜಾರುತ್ತದೆ, ಮೋಟರ್ ಲೋಡ್ ಇಲ್ಲದೆ ಚೀರುತ್ತದೆ. ಕೇಬಲ್ ಹಿಂದಕ್ಕೆ ಹೊರಟರೆ ಪ್ರೊಪೆಲ್ಲರ್ ಸಮೇತ ನೀರಿನ ಪಾಲು.

ಬೆಸುಗೆಯದೂ ತೊಂದರೆ. ಸೀಸದ ಬೆಸುಗೆಗೆ ಆ ಬಲ ಸಾಲದು. ಸಿಲ್ವರ್ ಬ್ರೇಜಿಂಗಿಗೆ 600 ಡಿಗ್ರಿ ಮೇಲೆ ಬೇಕು, ಆ ಬಿಸಿಗೆ ಕೇಬಲ್ ತಂತಿಯ ಹದ ಹೋಗುತ್ತದೆ. ಬೆಸುಗೆ ನಿಲ್ಲುತ್ತದೆ, ಅದರ ಪಕ್ಕದಲ್ಲಿ ಕೇಬಲ್ ಮುರಿಯುತ್ತದೆ. ಸ್ಟಬ್ ಶಾಫ್ಟ್ (ಪ್ರೊಪೆಲ್ಲರ್ ಕೂರುವ ಗಟ್ಟಿ ತುದಿ) ಸಮೇತ ಜೋಡಿಸಿ ಬರುವ 3/16 ಇಂಚಿನ ಕೇಬಲನ್ನೇ ತರಿಸಿ. ಸ್ಟ್ರಟ್, ಪ್ರೊಪೆಲ್ಲರ್, ಕಾಲೆಟ್ ಮೂರೂ ಒಂದು ಕಡೆ ಇವೆ. ಬೇರೆ ಇರುವುದು ಕೇಬಲ್ ಒಂದೇ. ಅದನ್ನೇ ಬದಲಿಸಿ. ಸ್ಟಫಿಂಗ್ ಟ್ಯೂಬಿನ (ಕೇಬಲ್ ಹೋಗುವ ಕೊಳವೆಯ) ಒಳ ಅಳತೆಯೂ ನೋಡಿಕೊಳ್ಳಿ, 4 ಮಿ.ಮೀ.ಗೆ ಅಂತ ಟೆಫ್ಲಾನ್ ಲೈನರ್ ಹಾಕಿದ್ದರೆ 4.76 ಹೋಗೋದಿಲ್ಲ.

ದುಬೈ ದೋಣಿ

ಶಿವಮೊಗ್ಗದವರಿಗೆ ಇನ್ನೆರಡು ಮಾತು. ಫ್ಲೆಕ್ಸ್ ಕೇಬಲಿಗೆ ಸುತ್ತಿನ ದಿಕ್ಕು ಅಂತ ಇದೆ. ಒಂದು ತುದಿ ಗಟ್ಟಿಯಾಗಿ ಹಿಡಿದು, ಇನ್ನೊಂದು ತುದಿಯನ್ನು ನಿಮ್ಮ ಮೋಟರ್ ತಿರುಗುವ ದಿಕ್ಕಿಗೆ ತಿರುಚಿ. ಹೊರಗಿನ ತಂತಿ ಬಿಗಿಯಾದರೆ ಸರಿ. ಬಿಚ್ಚಿಕೊಂಡು ಉಬ್ಬಿದರೆ ಆ ಕೇಬಲ್ ನಿಮಗಲ್ಲ. ಅಳತೆ ಸರಿ ಇದೆ ಅಂತ ಹಾಕಿದರೆ ಟ್ಯೂಬಿನೊಳಗೆ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಇದೇ ಕಾರಣಕ್ಕೆ ಫಾಸ್ಟ್ ಬೋಟಿಗೆ ರಿವರ್ಸ್ ಜೋರಾಗಿ ಕೊಡಬಾರದು.

ಎರಡನೆಯದು, ಬಿಗಿಯಾದಾಗ ಕೇಬಲ್ ಗಿಡ್ಡ ಆಗುತ್ತದೆ. ಹಾಗಾಗಿ ಡ್ರೈವ್ ಡಾಗಿಗೂ (ಪ್ರೊಪೆಲ್ಲರನ್ನು ತಿರುಗಿಸುವ ಹಲ್ಲಿನ ತುಂಡು) ಸ್ಟ್ರಟ್ಟಿಗೂ ನಡುವೆ ಸುಮಾರು 3 ಮಿ.ಮೀ. ಸಂದು ಬಿಡಬೇಕು. ಬಿಡದಿದ್ದರೆ ಡಾಗ್ ಬಂದು ಸ್ಟ್ರಟ್ಟಿಗೆ ಉಜ್ಜುತ್ತದೆ. ಬೆಂಚಿನ ಮೇಲೆ ಎಲ್ಲ ಚೆನ್ನಾಗಿ ಓಡುತ್ತದೆ, ನೀರಿಗಿಳಿದಾಗ ಬ್ಯಾಟರಿ ಬಿಸಿ, ಮೋಟರ್ ಬಿಸಿ. ಪ್ರತಿ ಸಲ ಓಡಿಸಿದ ಮೇಲೆ ಕೇಬಲ್ ಹೊರಗೆಳೆದು ಒರೆಸಿ ಹೊಸ ಗ್ರೀಸ್ ಹಚ್ಚಿ.

ವೇಗದೋಣಿ (ಶಿವಮೊಗ್ಗ)

ತಿರುಚಿ ನೋಡಿದೆ. 4 ಮಿ.ಮೀ. ಕೇಬಲ್ ನನ್ನ ದಿಕ್ಕಿಗೆ ಬಿಚ್ಚಿಕೊಳ್ಳುತ್ತದೆ! ಅಂದರೆ ಅಳತೆ ಸರಿ ಇದ್ದಿದ್ದರೂ ಉಪಯೋಗ ಇರಲಿಲ್ಲ. 3/16ರದು ಹುಡುಕುತ್ತೇನೆ. ಥ್ಯಾಂಕ್ಸ್ ಅಣ್ಣಂದಿರೇ.

ಟಗ್ಗಿನವನು (ಮೈಸೂರು)

ಕೆಲಸ ಆಯಿತು! ವಿವರವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಟರ್ನರ್ ಅಣ್ಣ ಶಾಫ್ಟನ್ನು ಗಾಜಿನ ಮೇಲೆ ಉರುಳಿಸಿ ನೋಡಿದರು, ನೇರ ಇದೆ. ನುಣುಪು ತುದಿಗೆ 14 ಮಿ.ಮೀ. ಎಂ4 ಹೊಡೆದರು, ಟೇಲ್‌ಸ್ಟಾಕಿನಿಂದಲೇ. ಪ್ರೊಪೆಲ್ಲರ್ ಬೆರಳಿನಲ್ಲಿ ತಿರುಗಿ ಹೋಗುತ್ತದೆ, ಒಂಚೂರೂ ಅಲ್ಲಾಡೋದಿಲ್ಲ. ರೆಕ್ಕೆಯ ತುದಿಗೆ ಪೆನ್ಸಿಲ್ ನಿಲ್ಲಿಸಿ ಸುತ್ತಿದೆ, ನಾಲ್ಕು ರೆಕ್ಕೆಯೂ ಪೆನ್ಸಿಲಿನಿಂದ ಒಂದೇ ದೂರದಲ್ಲಿ ಹೋಗುತ್ತವೆ. ಸ್ಲೀವ್ ಮತ್ತು ಮೇಡಂ ಹೇಳಿದ ಗಟ್ಟಿ ಕಪ್ಲಿಂಗ್ ಎರಡನ್ನೂ ಅವರೇ ಮಾಡಿಕೊಟ್ಟರು.

ಗಟ್ಟಿ ಕಪ್ಲಿಂಗ್ ಹಾಕಿದಾಗ ಗೊತ್ತಾಯಿತು, ದೊಡ್ಡಪ್ಪ ಅಂಟಿಸಿದ್ದ ಮೋಟರ್ ಹಲಗೆ ಟ್ಯೂಬಿನ ಲೈನಿಗಿಂತ ಸುಮಾರು 3 ಮಿ.ಮೀ. ಕೆಳಗಿದೆ. ಅವರು ಬೇರೆ ಮೋಟರಿಗೆ ಅಂತ ಮಾಡಿದ್ದಿರಬೇಕು. ಯೂನಿವರ್ಸಲ್ ಕಪ್ಲಿಂಗನ್ನೇ ಮೊದಲು ಹಾಕಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಮಲ್ಪೆಯವರಿಗೆ ದೊಡ್ಡ ನಮಸ್ಕಾರ. ಪ್ಲೈವುಡ್ ಚೂರು ಇಟ್ಟು ಎಪಾಕ್ಸಿ ತುಂಬಿದ್ದೇನೆ. ಬರೀ ಮೋಟರ್ 0.9 ಆಂಪ್, ಶಾಫ್ಟ್ ಜೋಡಿಸಿದ ಮೇಲೆ 1.1.

ಒಂದು ಪ್ರಶ್ನೆ ಉಳಿದಿದೆ. ಪ್ರೊಪೆಲ್ಲರ್ ತಾನಾಗಿ ಬಿಚ್ಚಿಕೊಳ್ಳದ ಹಾಗೆ ಏನು ಮಾಡಲಿ? ನನ್ನದು ಬಲಸುತ್ತಿನದು, ಹಿಂದಿನಿಂದ ನೋಡಿದರೆ ಗಡಿಯಾರದ ದಿಕ್ಕು.

ಲೇತ್ ಮನೆ (ಪೀಣ್ಯ, ಬೆಂಗಳೂರು)

ತುಂಬಾ ಖುಷಿಯಾಯಿತು. 0.2 ಆಂಪ್ ಅಂದರೆ ಬುಷ್ಷೂ ಲೈನೂ ಎರಡೂ ಚೆನ್ನಾಗಿವೆ.

ಬಲಸುತ್ತಿನ ಪ್ರೊಪೆಲ್ಲರ್, ಬಲ ಥ್ರೆಡ್ ಅಂದರೆ ಬೋಟ್ ಮುಂದಕ್ಕೆ ಹೋಗುವಾಗಲೇ ಬಿಚ್ಚಿಕೊಳ್ಳುವ ದಿಕ್ಕು. ಶಾಫ್ಟ್ ಗಡಿಯಾರದ ದಿಕ್ಕಿಗೆ ಓಡುತ್ತದೆ, ನೀರು ಪ್ರೊಪೆಲ್ಲರನ್ನು ಹಿಂದೆ ಹಿಡಿಯುತ್ತದೆ. ರಿವರ್ಸಿನಲ್ಲಿ ಬಿಗಿಯಾಗುತ್ತದೆ. ತುಂಬಾ ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ. ಮೊದಲು ಶಾಫ್ಟಿಗೆ ಹಿತ್ತಾಳೆ ಎಂ4 ನಟ್ ಹಾಕಿ, ಆಮೇಲೆ ಪ್ರೊಪೆಲ್ಲರ್ ಹಾಕಿ, ನಟ್ಟನ್ನು ಹಿಂದಕ್ಕೆ ತಂದು ಪ್ರೊಪೆಲ್ಲರಿಗೆ ಒತ್ತಿ ಲಾಕ್ ಮಾಡಿ. 243 ಒಂದು ಹನಿ ಸಾಕು.

ನಟ್ಟಿಗೂ ಟ್ಯೂಬಿನ ಬಾಯಿಗೂ ನಡುವೆ ಒಂದು ವಾಷರ್ ಇರಲಿ. ಒಳಗಡೆ ಶಾಫ್ಟಿಗೆ ಕಾಲರ್ (ಸ್ಕ್ರೂ ಹಾಕಿ ನಿಲ್ಲಿಸುವ ಬಳೆ) ಹಾಕಿ, ಹಿಂದೆ ಮುಂದೆ ಕಾಲು ಮಿ.ಮೀ. ಆಡುವಷ್ಟು ಬಿಡಿ. ಪ್ರೊಪೆಲ್ಲರ್ ತಳ್ಳುವ ಬಲ ವಾಷರ್ ಮೇಲೆ ಬೀಳಬೇಕು, ರಿವರ್ಸಿನ ಬಲ ಕಾಲರ್ ಮೇಲೆ. ಮೋಟರಿನ ಮೇಲೆ ಎರಡೂ ಬೀಳಬಾರದು.

ಟಗ್ಗಿನವನು (ಮೈಸೂರು)

ಕಾಲರ್ ಗ್ರಬ್ ಸ್ಕ್ರೂಗೆ ಶಾಫ್ಟಿನ ಮೇಲೆ ಫ್ಲ್ಯಾಟ್ ಮಾಡಬಹುದಾ?

ಲೇತ್ ಮನೆ (ಪೀಣ್ಯ, ಬೆಂಗಳೂರು)

ಮಾಡಿ, ಮಾಡಲೇಬೇಕು. ಫ್ಲ್ಯಾಟ್ ಇಲ್ಲದೆ ಬಿಗಿ ಮಾಡಿದರೆ ಸ್ಕ್ರೂ ಶಾಫ್ಟಿನ ಮೇಲೆ ಸಣ್ಣ ಉಬ್ಬು ಎಬ್ಬಿಸುತ್ತದೆ. ಉಗುರು ಹಾಯಿಸಿದರೆ ಸಿಗುತ್ತದೆ. ಮುಂದೆ ಶಾಫ್ಟ್ ಹೊರಗೆಳೆಯುವಾಗ ಆ ಉಬ್ಬು ಬುಷ್ಷನ್ನು ಕೆರೆದುಕೊಂಡೇ ಬರುತ್ತದೆ. ಯಾವಾಗ ಎಳೆದರೂ ಮೊದಲು ಅಲ್ಲಿ ಫೈಲ್ ಆಡಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಆಮೇಲೆ ಎಳೆಯಿರಿ.

ಬಂದರಿನ ಇಂಜಿನ್ (ಮಲ್ಪೆ)

ಗ್ರೀಸ್ ಯಾವುದು ಹಾಕುತ್ತೀರಿ? ದಪ್ಪದ್ದು ತುಂಬಬೇಡಿ, ನಿಧಾನ ತಿರುಗುವ ಶಾಫ್ಟನ್ನು ಅದೇ ಹಿಡಿದು ನಿಲ್ಲಿಸುತ್ತದೆ. ಟ್ಯೂಬಿನ ಒಳಬಾಯಿ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ತೆಳು ಎಣ್ಣೆ ಸಾಕು.

ಟಗ್ಗಿನವನು (ಮೈಸೂರು)

ಸ್ನಾನದ ತೊಟ್ಟಿಯಲ್ಲಿ ಪೂರ್ತಿ ಭಾರ ಇಟ್ಟು ನೋಡಿದೆ ಸರ್. ಒಳಬಾಯಿ ನೀರಿಗಿಂತ ಎರಡು ಬೆರಳು ಮೇಲಿದೆ. ಹೊಲಿಗೆ ಮೆಷಿನ್ ಎಣ್ಣೆ ಹಾಕಿ ಅರ್ಧ ಗಂಟೆ ಓಡಿಸಿದೆ, ಒಳಗೆ ಒಂದು ಹನಿ ನೀರು ಬಂದಿಲ್ಲ. ಭಾನುವಾರ ದೊಡ್ಡಪ್ಪನಿಗೆ ವೀಡಿಯೊ ಕಾಲ್ ಮಾಡಿ ತೋರಿಸುತ್ತೇನೆ.